ಹಳೇ ಕ್ಯಾಮೆರಾದಲ್ಲಿ ಬೆಸ್ಟ್ ಯಾವ್ದು ಅಂದ್ರೆ, ಮೊದ್ಲು ಕಣ್ಣಿಟ್ಟು ನೋಡಿ ಅಂತೀನಿ

ಈ ಜಗಳ ನಮ್ಮಲ್ಲಿ ಹೊಸದೇನಲ್ಲ. ಮೂರು ಜನ ಸೇರಿದ್ವಿ ಅಂದ್ರೆ ಮಾತು ಎಲ್ಲಿಂದ ಶುರುವಾದ್ರೂ ಕೊನೆಗೆ ಬಂದು ನಿಲ್ಲೋದು ಇಲ್ಲೇ, ಹಳೇ ಫಿಲ್ಮ್ ಕ್ಯಾಮೆರಾಗಳಲ್ಲಿ ಬೆಸ್ಟ್ ಯಾವ್ದು. ಒಬ್ಬ ಲೈಕಾ ಎಂ3 ಬಿಟ್ರೆ ಬೇರೆ ಮಾತೇ ಆಡಲ್ಲ, ಇನ್ನೊಬ್ಬನಿಗೆ ನಿಕಾನ್ ಎಫ್ ಅಂದ್ರೆ ಪ್ರಾಣ, ನಾನು ಒಲಿಂಪಸ್ ಓಎಂ-1 ಕತ್ತಿಗೆ ಹಾಕ್ಕೊಂಡು ವರ್ಷಗಳಿಂದ ಓಡಾಡ್ತಿರೋನು. ಲೆನ್ಸ್ ಶಾರ್ಪು, ಬಾಡಿ ಗಟ್ಟಿ, ಬ್ಯಾಟರಿ ಬೇಡ, ಶಟರ್ ಸದ್ದು ಮೆತ್ತಗೆ, ಹೀಗೆ ಒಬ್ಬೊಬ್ರೂ ಒಂದೊಂದು ಹಿಡ್ಕೊಂಡು ಎಳೀತೀವಿ. ಈ ಸಲ ನಾನು ಸ್ವಲ್ಪ ಯೋಚ್ನೆ ಮಾಡ್ಕೊಂಡು ಹೋಗಿದ್ದೆ, ಅದನ್ನೇ ಇಲ್ಲಿ ಬರೀತಿದೀನಿ.

ನನ್ನ ವಾದ ಇಷ್ಟೇ, ವ್ಯೂಫೈಂಡರ್, ಅಂದ್ರೆ ಕಣ್ಣಿಟ್ಟು ನೋಡೋ ಕಿಂಡಿ. ಮಿಕ್ಕಿದ್ದೆಲ್ಲ ಆಮೇಲೆ.

ಒಂದು ಫಿಲ್ಮ್ ಕ್ಯಾಮೆರಾ ಬಾಡಿ ಮಾಡೋ ಕೆಲ್ಸ ಎಷ್ಟಿದೆ ಅಂತ ಕೂತು ಲೆಕ್ಕ ಹಾಕಿ. ಫಿಲ್ಮನ್ನ ಕತ್ತಲಲ್ಲಿ ಸಪಾಟಾಗಿ ಹಿಡ್ಕೋಬೇಕು, ಶಟರ್ ತೆರೆದು ಹೇಳಿದಷ್ಟು ಹೊತ್ತು ಬೆಳಕು ಒಳಗೆ ಬಿಡ್ಬೇಕು, ಎದುರಿಗಿರೋದನ್ನ ನಮಗೆ ತೋರಿಸ್ಬೇಕು. ಡಿಜಿಟಲ್‌ನಲ್ಲಾದ್ರೆ ಸೆನ್ಸರ್ ಬಾಡಿಯೊಳಗೇ ಇರತ್ತೆ, ಬಾಡಿ ಬದಲಾದ್ರೆ ಚಿತ್ರಾನೇ ಬದಲಾಗತ್ತೆ. ಆದ್ರೆ 35 ಎಂಎಂ ಫಿಲ್ಮ್ ಹಾಗಲ್ಲ, ಅದೇ ರೋಲು ಎಂ3ಗೂ ಹೋಗತ್ತೆ, ನಿಕಾನ್ ಎಫ್‌ಗೂ ಹೋಗತ್ತೆ, ನನ್ನ ಓಎಂ-1ಗೂ ಹೋಗತ್ತೆ, ಮೂರರಲ್ಲೂ ಬೀಳೋದು ಅದೇ 24×36 ಮಿಲಿಮೀಟರ್ ಫ್ರೇಮು. ಲೆನ್ಸ್ ಕೂರೋ ಮೌಂಟು ಒಂದೊಂದು ಕಂಪನಿಗೆ ಒಂದೊಂದು ಥರ, ಅದಕ್ಕೆ ತಕ್ಕ ಹಾಗೆ ಲೆನ್ಸೂ ಬೇರೆ ನಿಜ, ಆದ್ರೆ ಈ ಮೂರು ಕಂಪನಿಯವ್ರೂ ಆ ಕಾಲದಲ್ಲಿ ಮಾಡಿದ 50 ಎಂಎಂ ಲೆನ್ಸುಗಳನ್ನ ತಗೊಂಡ್ರೆ ಯಾವುದನ್ನೂ ಕೆಟ್ಟದು ಅನ್ನೋ ಹಾಗಿಲ್ಲ. ಹಾಗಾಗಿ ಮೊದಲೆರಡು ಕೆಲ್ಸ ಆರೋಗ್ಯವಾಗಿರೋ ಯಾವ ಕ್ಯಾಮೆರಾನೂ ಮಾಡತ್ತೆ. ಒಂದಕ್ಕೂ ಇನ್ನೊಂದಕ್ಕೂ ನಿಜವಾಗ್ಲೂ ಅಜಗಜಾಂತರ ಇರೋದು ಮೂರನೇದ್ರಲ್ಲಿ, ಅದು ಹೇಗೆ ತೋರಿಸತ್ತೆ ಅನ್ನೋದ್ರಲ್ಲಿ.

ಇದು ನಂಗೆ ಗೊತ್ತಾಗಿದ್ದು ಒಂದು ಕೆಟ್ಟ ಅನುಭವದಿಂದ. ಓಎಂ-1ನ ಮೇಲಿನ ಗೂಡಿನೊಳಗೆ ಗಾಜಿನ ಪ್ರಿಸಂ ಇರತ್ತೆ, ಲೆನ್ಸಿಂದ ಬಂದ ಬೆಳಕನ್ನ ಕೆಳಗಿರೋ ಕನ್ನಡಿ ಅದಕ್ಕೆ ಕಳಿಸತ್ತೆ, ಅದು ನಮ್ಮ ಕಣ್ಣಿಗೆ ತಲುಪಿಸತ್ತೆ. ಆ ಪ್ರಿಸಂ ಹತ್ರ ಕಂಪನಿಯವ್ರು ಫೋಮ್ ಅಂಟಿಸಿರ್ತಾರೆ. ವರ್ಷಗಳು ಕಳೆದ ಹಾಗೆ ಆ ಫೋಮ್ ಕರಗಿ ಡಾಂಬರಿನ ಥರ ಅಂಟಂಟಾಗಿ ಪ್ರಿಸಂ ಮೇಲಿರೋ ಬೆಳ್ಳಿ ಲೇಪನವನ್ನ ತಿಂದುಹಾಕತ್ತೆ. ನನ್ನದ್ರಲ್ಲಿ ಮೊದ್ಲು ಕೂದಲಿನಷ್ಟು ತೆಳ್ಳಗೆ ಒಂದು ಕಪ್ಪು ಗೆರೆ ಕಾಣಿಸ್ತು, ಕಣ್ಣಿಗೇನೋ ಬಿದ್ದಿದೆ ಅನ್ಕೊಂಡು ಉಜ್ಜಿಕೊಂಡೆ, ಹೋಗ್ಲಿಲ್ಲ, ಕೆಲವು ತಿಂಗಳಲ್ಲಿ ಅದು ಅಗಲ ಆಗಿ ಫ್ರೇಮಿನ ಕೆಳಗಡೆ ಮಸಿ ಮೆತ್ತಿದ ಹಾಗಾಯ್ತು. ಚಿತ್ರಕ್ಕೆ ಏನೂ ಆಗಲ್ಲ, ಯಾಕಂದ್ರೆ ಕ್ಲಿಕ್ ಮಾಡಿದಾಗ ಕನ್ನಡಿ ಮೇಲೇಳತ್ತೆ, ಬೆಳಕು ನೇರ ಫಿಲ್ಮಿಗೆ ಹೋಗತ್ತೆ, ಪ್ರಿಸಂಗೂ ಫಿಲ್ಮಿಗೂ ಸಂಬಂಧಾನೇ ಇಲ್ಲ. ನೆಗೆಟಿವ್ ಎಲ್ಲ ಮೊದಲಿನ ಹಾಗೇ ಚೆನ್ನಾಗಿ ಬರ್ತಿತ್ತು. ಆದ್ರೂ ನಾನು ಆ ಕ್ಯಾಮೆರಾ ಹೊರಗೆ ತಗೊಂಡು ಹೋಗೋದನ್ನೇ ಬಿಟ್ಟೆ, ಕಪಾಟಿನಲ್ಲಿ ಇಟ್ಟೆ, ಹತ್ತಿರ ಹತ್ತಿರ ಒಂದು ವರ್ಷ. ಲೆನ್ಸ್ ಅದೇ, ಶಟರ್ ಅದೇ, ಫಿಲ್ಮ್ ಅದೇ, ಮತ್ತೆ ನಾನು ಕಳ್ಕೊಂಡಿದ್ದು ಏನು? ನೋಡೋ ಖುಷಿ. ಆಮೇಲೆ ಒಬ್ಬ ರಿಪೇರಿಯವರು ಶಟರ್ ಸತ್ತುಹೋಗಿದ್ದ ಇನ್ನೊಂದು ಓಎಂ-1ನಿಂದ ಒಳ್ಳೇ ಪ್ರಿಸಂ ತೆಗೆದು ಹಾಕಿಕೊಟ್ರು. ಕೊಟ್ಟ ದಿನ ಅಲ್ಲೇ ಬಾಗಿಲಲ್ಲಿ ನಿಂತು ರಸ್ತೆ ನೋಡಿದೆ, ಒಂದೂ ಫೋಟೋ ತೆಗೀಲಿಲ್ಲ, ಸುಮ್ನೆ ನೋಡ್ತಾ ನಿಂತಿದ್ದೆ.

ಓಎಂ-1 ಬಗ್ಗೆ ಸ್ವಲ್ಪ ಹೇಳ್ಲೇಬೇಕು. 1972ರಲ್ಲಿ ಇದು ಎಂ-1 ಅನ್ನೋ ಹೆಸರಲ್ಲಿ ಬಂತು, ಲೈಕಾದವ್ರು ತಕರಾರು ತೆಗೆದ ಮೇಲೆ ಓಎಂ-1 ಆಯ್ತು. ಇದನ್ನ ಮಾಡಿದ ಯೋಶಿಹಿಸಾ ಮೈತಾನಿ ಅವರಿಗೆ ಕನ್ನಡಿ, ಪ್ರಿಸಂ ಇಟ್ಟು ಲೆನ್ಸ್ ಮೂಲಕವೇ ತೋರಿಸೋ ಆಗಿನ ಕ್ಯಾಮೆರಾಗಳ, ಅಂದ್ರೆ ಎಸ್‌ಎಲ್‌ಆರ್‌ಗಳ ಗಾತ್ರ, ತೂಕ, ಸದ್ದು ಕಡಿಮೆ ಮಾಡ್ಬೇಕು ಅನ್ನೋದು ತಲೇಲಿತ್ತು. ಕ್ಯಾಮೆರಾ ಚಿಕ್ಕದಾಯ್ತು, ಆದ್ರೆ ವ್ಯೂಫೈಂಡರ್ ಮಾತ್ರ ಚಿಕ್ಕದಾಗ್ಲಿಲ್ಲ, ಅದೇ ನೋಡಿ ದೊಡ್ಡ ವಿಷ್ಯ. 50 ಎಂಎಂ ಲೆನ್ಸ್ ಹಾಕಿದ್ರೆ ಎದುರಿಗಿರೋದು ಬರೀ ಕಣ್ಣಿಗೆ ಕಾಣೋದ್ರ 0.92 ಪಟ್ಟು ಗಾತ್ರದಲ್ಲಿ ಕಾಣತ್ತೆ, ಫ್ರೇಮಿನ 97% ಕಾಣತ್ತೆ. ಶಟರ್ ಸ್ಪೀಡ್ ಬದಲಾಯಿಸೋ ರಿಂಗ್ ಮೇಲ್ಗಡೆ ಇಲ್ಲ, ಲೆನ್ಸ್ ಕೂರೋ ಜಾಗದ ಸುತ್ತಾನೇ ಇದೆ. ಎಡಗೈ ಬೆರಳಲ್ಲೇ ಫೋಕಸ್, ಅಪರ್ಚರ್ (ಲೆನ್ಸೊಳಗೆ ಬೆಳಕು ಬರೋ ಕಿಂಡಿ), ಶಟರ್ ಮೂರೂ ತಿರುಗಿಸ್ಬಹುದು, ಬೆಳಕು ಅಳೆಯೋ ಮೀಟರಿನ ಮುಳ್ಳು ಫ್ರೇಮಿನ ಎಡಗಡೆ ಕೆಳಮೂಲೆಯಲ್ಲಿ ಮೇಲೆ ಕೆಳಗೆ ಆಡ್ತಿರತ್ತೆ, ಅದನ್ನ ನೋಡ್ತಾ ನೋಡ್ತಾ ಕಣ್ಣು ತೆಗೀದೇನೇ ಎಲ್ಲ ಮುಗಿಯತ್ತೆ. ಇದೂ ವ್ಯೂಫೈಂಡರ್ ವಿಷ್ಯಾನೇ ಅಂತೀನಿ ನಾನು, ಕಣ್ಣನ್ನ ಅಲ್ಲೇ ಇರೋಕೆ ಬಿಡತ್ತೆ.

ನಿಕಾನ್ ಎಫ್ 1959ರದ್ದು. ಅದ್ರಲ್ಲಿ ಫ್ರೇಮಿನ 100% ಕಾಣತ್ತೆ, ಅಂದ್ರೆ ಮೂಲೆಯಲ್ಲಿ ಕಂಡಿದ್ದು ಮೂಲೆಯಲ್ಲೇ ಬರತ್ತೆ, ಕಾಣದ ಕಂಬ ಒಂದು ಆಮೇಲೆ ಬಂದು ಸೇರ್ಕೊಳ್ಳೋ ಮಾತಿಲ್ಲ. ಪ್ರಿಸಂನೇ ಕಳಚಿ ಬೇರೆ ಫೈಂಡರ್ ಹಾಕ್ಬಹುದು, ನೆಲಕ್ಕೆ ಕ್ಯಾಮೆರಾ ಇಟ್ಟು ಮೇಲಿಂದ ಬಗ್ಗಿ ನೋಡ್ಬಹುದು. ಅದನ್ನ ಹಿಡಿದವನಿಗೆ ಅದ್ರ ಮೇಲೆ ಯಾಕಷ್ಟು ನಂಬಿಕೆ ಅಂತ ನಂಗೆ ಅರ್ಥ ಆಗತ್ತೆ. ಕೈ ನೋಯತ್ತೆ ಅಷ್ಟೇ.

ನಿಜವಾಗ್ಲೂ ನನ್ನ ವಾದವನ್ನ ಅಲ್ಲಾಡಿಸಿದ್ದು ಎಂ3. 1954ರ ಕ್ಯಾಮೆರಾ, ಒಳಗೆ ಲೈಟ್ ಮೀಟರ್ ಇಲ್ಲ, ಲೆನ್ಸ್ ಮೂಲಕ ನೋಡೋದಲ್ಲ, ಪಕ್ಕದ ಕಿಟಕಿಯಿಂದ ನೋಡೋದು. ಆ ಕಿಟಕಿ ಎಷ್ಟು ಸ್ವಚ್ಛ ಅಂದ್ರೆ ಕಣ್ಣಿಗೆ ಕಾಣೋದಕ್ಕೂ ಅದಕ್ಕೂ ಗಾತ್ರದಲ್ಲಿ ವ್ಯತ್ಯಾಸ ತುಂಬಾ ಕಮ್ಮಿ, 0.9 ಪಟ್ಟಿನ ಆಸುಪಾಸು, ಎರಡೂ ಕಣ್ಣು ಬಿಟ್ಕೊಂಡು ನೋಡಿದ್ರೆ ಗಾಳಿಯಲ್ಲಿ ಒಂದು ಬಿಳೀ ಚೌಕಟ್ಟು ತೇಲಿದ ಹಾಗಿರತ್ತೆ. 50, 90, 135 ಎಂಎಂ ಮೂರು ಲೆನ್ಸಿಗೂ ಅದ್ರದ್ದೇ ಚೌಕಟ್ಟಿನ ಗೆರೆ ತಾನಾಗೇ ಬರತ್ತೆ. ಚೌಕಟ್ಟಿನ ಹೊರಗಡೆ ಏನಾಗ್ತಿದೆ ಅನ್ನೋದೂ ಕಾಣತ್ತೆ, ಯಾರು ಒಳಗೆ ಬರ್ತಿದಾರೆ, ಯಾರು ಹೊರಗೆ ಹೋಗ್ತಿದಾರೆ. ಇನ್ನೊಂದು ಮಾತು ಎಂ3 ಗೆಳೆಯ ಹೇಳಿದ, ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಮೇಲೆದ್ದಾಗ ವ್ಯೂಫೈಂಡರ್ ಕತ್ತಲಾಗತ್ತೆ, ಅಂದ್ರೆ ಫಿಲ್ಮ್ ಮೇಲೆ ಬಿದ್ದ ಕ್ಷಣ ಒಂದನ್ನೇ ನೀನು ನೋಡಿರಲ್ಲ, ನಾನು ನೋಡಿರ್ತೀನಿ, ಮಗು ಕಣ್ಣು ಮುಚ್ಚಿತಾ ಬಿಟ್ಟಿತ್ತಾ ಅಂತ ನಂಗೆ ಆಗ್ಲೇ ಗೊತ್ತಿರತ್ತೆ ಅಂದ. ಅದು ನಿಜ.

ಆದ್ರೆ ಅದೇ ಕಿಟಕಿ ಮೋಸಾನೂ ಮಾಡತ್ತೆ. ಲೆನ್ಸ್ ಕ್ಯಾಪ್ ಹಾಕೇ ಇದ್ರೂ ಎದುರಿಗಿರೋದೆಲ್ಲ ಚೆನ್ನಾಗೇ ಕಾಣತ್ತೆ, ಅವನದ್ದೇ ಒಂದು ರೋಲ್ ಅರ್ಧ ಹಾಗೆ ಹೋಗಿದೆ. ಯಾವುದು ಮಸುಕು, ಯಾವುದು ಸ್ಪಷ್ಟ ಅಂತ ಅದು ತೋರಿಸಲ್ಲ, ಎಲ್ಲಾ ಒಂದೇ ಸಮ ಸ್ಪಷ್ಟ. ಒಂದು ಎಲೆ ಹತ್ರ ಹೋಗಿ ಫೋಕಸ್ ತಿರುಗಿಸ್ತಾ ಹಿಂದಿನ ಗಿಡ ಎಲ್ಲ ಬಣ್ಣದ ಹೊಗೆಯಾಗೋದನ್ನ ನೋಡೋಕೆ ಎಸ್‌ಎಲ್‌ಆರೇ ಬೇಕು, ನಾನು ಅದಕ್ಕೆ ಸೋತೋನು.

ಇನ್ನು ಬ್ಯಾಟರಿ ವಾದ. ಬ್ಯಾಟರಿ ಇಲ್ದೆ ನಡೆಯೋದೇ ಬೆಸ್ಟ್ ಅಂತ ತುಂಬಾ ಜನ ಹೇಳ್ತಾರೆ, 1976ರ ಕ್ಯಾನನ್ ಎಇ-1 ಬ್ಯಾಟರಿ ಸತ್ರೆ ಕ್ಲಿಕ್ಕೇ ಆಗಲ್ಲ, ಅದೇ ವರ್ಷ ಬಂದ ಪೆಂಟಾಕ್ಸ್ ಕೆ1000 ಮೀಟರ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ನಡೆಸತ್ತೆ, 1997ರವರೆಗೂ ಅದು ತಯಾರಾಗ್ತಾನೇ ಇತ್ತು. ಒಪ್ತೀನಿ, ನಂಗೂ ಮೆಕ್ಯಾನಿಕಲ್ಲೇ ಇಷ್ಟ. ಆದ್ರೆ ನನ್ನ ಓಎಂ-1ನ ಮೀಟರ್ ಮಾಡಿರೋದು 1.35 ವೋಲ್ಟಿನ ಪಾದರಸದ ಸೆಲ್ಲಿಗೆ, ಅದು ಈಗ ಬರಲ್ಲ, 1.5 ವೋಲ್ಟಿಂದು ಹಾಕಿದ್ರೆ ಇರೋದಕ್ಕಿಂತ ಜಾಸ್ತಿ ಬೆಳಕಿದೆ ಅಂತ ತೋರಿಸಿ ಫೋಟೋ ಕತ್ತಲು ಮಾಡಿಸತ್ತೆ. ಕಿವಿ ಮೆಷಿನ್ನಿಗೆ ಹಾಕೋ 675 ಸೆಲ್ ಇದ್ಯಲ್ಲ, ಅದು 1.4 ವೋಲ್ಟ್, ಅದನ್ನ ಹಾಕಿ ಸುತ್ತ ಒಂದು ರಬ್ಬರ್ ಉಂಗುರ ಕೊಟ್ರೆ ಕೆಲ್ಸ ಆಗತ್ತೆ. ಎಇ-1ಗೆ ಬೇಕಾದ 6 ವೋಲ್ಟಿನ ಸೆಲ್ ಮಾತ್ರ ಇವತ್ತಿಗೂ ಸಿಗತ್ತೆ, ಹಾಗಾಗಿ ಆ ಬೈಗುಳ ಪೂರ್ತಿ ನ್ಯಾಯ ಅಲ್ಲ.

ಹೆಸರು ನೋಡಿ ತಗೊಳ್ಳೋರಿಗೆ ಒಂದೇ ಮಾತು. ಕೈಗೆ ಸಿಕ್ಕಿದ ಕೂಡ್ಲೇ ಶಟರನ್ನ 1 ಸೆಕೆಂಡಿಗೆ ಇಟ್ಟು ಕಿವಿ ಹತ್ರ ಹಿಡೀರಿ, ಒಳಗೆ ಸಣ್ಣಗೆ ಗಡಿಯಾರ ಓಡಿದ ಹಾಗೆ ಸದ್ದು ಬಂದು ಸರಿಯಾಗಿ ನಿಲ್ಬೇಕು, ಮಧ್ಯ ತಡವರಿಸಿದ್ರೆ ಒಳಗಿನ ಗ್ರೀಸ್ ಗಟ್ಟಿಯಾಗಿದೆ ಅಂತ. ಲೆನ್ಸ್ ತೆಗೆದು ಬೆಳಕಿಗೆ ಹಿಡಿದು ಫಂಗಸ್ ನೋಡಿ. ಆಮೇಲೆ ಕಣ್ಣಿಡಿ, ಒಂದು ನಿಮಿಷ ಇಡಿ, ಆ ಒಂದು ನಿಮಿಷ ಸಾಕು ಅನ್ಸೋದ್ರೊಳಗೆ ಕಣ್ಣು ತೆಗೆದ್ರೆ ಅದು ನಿಮ್ಮ ಕ್ಯಾಮೆರಾ ಅಲ್ಲ.

ಜಗಳ ಮುಗೀಲಿಲ್ಲ, ಆದ್ರೆ ಒಂದು ಒಪ್ಪಂದ ಆಯ್ತು. ಒಬ್ಬರ ಕ್ಯಾಮೆರಾ ಇನ್ನೊಬ್ರು ತಗೊಂಡು ಒಂದೊಂದು ರೋಲ್ ತೆಗೀಬೇಕು, ಆಮೇಲೇ ಮಾತು. ನಂಗೆ ಎಂ3 ಬಂದಿದೆ. 36ರಲ್ಲಿ 9 ಫ್ರೇಮ್ ಆಗಿದೆ, ಪ್ರತೀ ಸಲ ಕಣ್ಣಿಡೋಕೆ ಮುಂಚೆ ಕ್ಯಾಪ್ ತೆಗ್ದಿದೀನಾ ಅಂತ ಬೆರಳಲ್ಲಿ ಮುಟ್ಟಿ ನೋಡ್ತಿದೀನಿ, ನಿನ್ನೆ ಸಂಜೆ ಒಂಬತ್ತನೇದು ತೆಗೆದಾಗ ಎದುರಿಗಿದ್ದ ಅಜ್ಜಿ ನಗೋಕೆ ಶುರು ಮಾಡಿದ್ದು ಕ್ಲಿಕ್ ಆಗೋ ಹೊತ್ತಲ್ಲೂ ಪೂರ್ತಿ ಕಾಣಿಸ್ತು.