ಒದ್ದೆ ಪ್ಯಾಡ್ ನಂಬಿ ಟಿಕ್ ಹಾಕಿದ ರಾತ್ರಿ

ನಮ್ಮ ಪ್ರಾಣಿ ಕ್ಲಿನಿಕ್ಕಿನ ಆ್ಯಪ್ ಪ್ರತಿ ಇನ್‌ಪೇಷಂಟ್ ಬಗ್ಗೆ ನಾಲ್ಕು ಗಂಟೆಗೊಮ್ಮೆ ಮೂರು ಪ್ರಶ್ನೆ ಕೇಳುತ್ತದೆ. ನೀರು ಕುಡಿಯಿತಾ, ಮೂತ್ರ ಆಯಿತಾ, ತೂಕ ಎಷ್ಟು. ಮೊದಲೆರಡಕ್ಕೆ ಹಸಿರು ಟಿಕ್ ಇಲ್ಲವೇ ಕೆಂಪು ಇಂಟು ಮಾರ್ಕು. ಮೂರನೆಯದು ಹಿಂದಿನದಕ್ಕಿಂತ ಜಾಸ್ತಿ ಇದ್ದರೆ ತಾನೇ ಹಸಿರಾಗುತ್ತದೆ. ಆವತ್ತು ರಾತ್ರಿ ಹನ್ನೊಂದಕ್ಕೆ ಗುಂಡನ ಸಾಲು ಪೂರ್ತಿ ಹಸಿರು. ತುಂಬಿದ್ದು ನಾನೇ, ಕಣ್ಣಾರೆ ನೋಡಿಯೇ ತುಂಬಿದ್ದೆ.

ಗುಂಡ ನಾಲ್ಕು ವರ್ಷದ ಗಂಡು ಗಿನಿ ಪಿಗ್. ಉಚ್ಚೆ ಹೊಯ್ಯುವಾಗ ಬೆನ್ನು ಗೂನು ಮಾಡಿಕೊಂಡು ಕೀರಲು ದನಿಯಲ್ಲಿ ಅಳುತ್ತಾನೆ ಅಂತ ಕರೆದುಕೊಂಡು ಬಂದಿದ್ದರು. ಮೂತ್ರ ಪರೀಕ್ಷೆಯ ಡಿಪ್‌ಸ್ಟಿಕ್‌ನಲ್ಲಿ ರಕ್ತ. ಎಕ್ಸ್‌ರೇಯಲ್ಲಿ ಬ್ಲಾಡರ್ (ಮೂತ್ರಕೋಶ) ತಳದಲ್ಲಿ ಸೀಮೆಸುಣ್ಣ ಅರೆದು ಹಾಕಿದ ಹಾಗೆ ಸ್ಲಡ್ಜ್ ಅನ್ನುವ ಕೆಸರು, ಅದರ ನಡುವೆ ಒಂದು ಸಣ್ಣ ಕಲ್ಲು. ಇವುಗಳ ಮೈ ಆಹಾರದಲ್ಲಿರುವ ಕ್ಯಾಲ್ಸಿಯಂ ಅನ್ನು ಮುಕ್ತವಾಗಿ ಹೀರಿಕೊಂಡು, ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಹಾಗಾಗಿ ಆರೋಗ್ಯವಂತ ಗಿನಿ ಪಿಗ್‌ನ ಉಚ್ಚೆಯೂ ಮಬ್ಬಾಗಿಯೇ ಇರುತ್ತದೆ, ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಕಲೆಯಲ್ಲ, ಬೆರಳಿಗೆ ಮರಳಿನಂತೆ ತಾಕಿದಾಗ ಯೋಚಿಸಬೇಕು. ಈ ಬಿಳಿ ಕಲೆಯ ವಿಷಯ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಡಾಕ್ಟ್ರು ಸದ್ಯಕ್ಕೆ ಸಬ್‌ಕ್ಯೂ ಫ್ಲೂಯಿಡ್ (ಚರ್ಮದ ಕೆಳಗೆ ಕೊಡುವ ದ್ರವ), ನೋವಿಗೆ ಮೆಲಾಕ್ಸಿಕ್ಯಾಮ್, ಸಿರಿಂಜಿನಲ್ಲಿ ತಿನ್ನಿಸುವ ಕ್ರಿಟಿಕಲ್ ಕೇರ್ ಫೀಡ್ ಬರೆದರು. ಎರಡು ದಿನ ನೋಡಿ, ನಂತರ ಸರ್ಜರಿಯ ಮಾತು. ಹ್ಯಾಂಡೋವರ್‌ನಲ್ಲಿ ಒಂದೇ ಮಾತು ಹೇಳಿದ್ದರು: "ಗಂಡು ಇದು. ಕಲ್ಲು ಜಾರಿದ್ರೆ ಸಿಕ್ಕೊಳ್ಳುತ್ತೆ." ಹೆಣ್ಣಿಗಾದರೆ ಸಣ್ಣ ಕಲ್ಲು ಕೆಲವೊಮ್ಮೆ ತಾನಾಗಿ ಹೊರಬೀಳುವುದುಂಟು, ಗಂಡಿನ ದಾರಿ ಕಿರಿದು. ಇದೆಲ್ಲ ನನಗೆ ಗೊತ್ತಿರುವ ವಿಷಯ ಅಂತ ತಲೆ ಆಡಿಸಿದೆ.

ಅವನು ನನ್ನ ಮನೆಗೆ ಬಂದದ್ದು ಏಕೆಂದರೆ ನಮ್ಮಲ್ಲಿ ನೈಟ್ ಸ್ಟಾಫ್ ಇಲ್ಲ. 'ಮುಂದಿನ ತಿಂಗಳಿಂದ' ನೈಟ್ ವಾರ್ಡ್ ಶುರುವಾಗುತ್ತದೆ ಅನ್ನುವುದನ್ನು ಕೇಳಿ ಕೇಳಿ ಬೇಜಾರೂ ಬಂದು ಹೋಗಿದೆ. ಇದ್ದಿದ್ದರೂ, ಪಕ್ಕದಲ್ಲಿ ನಾಯಿ ಬೊಗಳುತ್ತಿದ್ದರೆ ಗಿನಿ ಪಿಗ್ ಹುಲ್ಲು ಮುಟ್ಟುವುದಿಲ್ಲ. ಹೊಟ್ಟೆಗೆ ಏನೂ ಬೀಳದೆ ಅರ್ಧ ದಿನ ಕಳೆದರೆ ಕರುಳು ನಿಲ್ಲತೊಡಗುತ್ತದೆ, ಆಮೇಲೆ ಬ್ಲಾಡರ್ ಚಿಂತೆ ಎರಡನೆಯದಾಗುತ್ತದೆ. ಓನರ್ ಎರಡು ದಿನ ಊರಲ್ಲಿರಲಿಲ್ಲ. ಸರಿ, ಕ್ಲಿನಿಕ್ಕಿನ ಕೇಜು, ಕ್ಲಿನಿಕ್ಕಿನ ನೀರಿನ ಬಾಟಲಿ, ಕೇಜಿಗೆ ಹಾಸುವ ಪ್ಯಾಡ್, ಸಿರಿಂಜ್ ಎಲ್ಲ ಹೊತ್ತುಕೊಂಡು ಬಂದೆ.

ಬೆಳಿಗ್ಗೆ ಅಡ್ಮಿಟ್ ಆಗುವಾಗ 912 ಗ್ರಾಂ ಇದ್ದ. ಸಂಜೆ ಏಳಕ್ಕೆ 931. ಹನ್ನೊಂದಕ್ಕೆ 948. ಬಾಟಲಿಯಲ್ಲಿ ನೀರು ಚೆನ್ನಾಗಿ ಇಳಿದಿತ್ತು. ಪ್ಯಾಡ್ ಮೂಲೆ ಒದ್ದೆ. ಕುಡಿಯುತ್ತಿದ್ದಾನೆ, ಹೊಯ್ಯುತ್ತಿದ್ದಾನೆ, ಫೀಡ್ ಮೈಗೆ ಹತ್ತುತ್ತಿದೆ! ಗ್ರೂಪಿನಲ್ಲಿ ಹಾಕಿದೆ: "ಗುಂಡ +36, ಸೂಪರ್." ಮ್ಯಾನೇಜರ್ ತಕ್ಷಣ ಹೆಬ್ಬೆರಳು ಎತ್ತಿದರು. ನಾನು ಖುಷಿಯಲ್ಲೇ ಅವನ ಭುಜದ ಚರ್ಮ ಎತ್ತಿ, ಬರೆದುಕೊಟ್ಟಿದ್ದ 20 ಮಿ.ಲೀ. ಸಬ್‌ಕ್ಯೂ ಕೊಟ್ಟೆ.

ಅದನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ.

ಮೂರು ಗಂಟೆಗೆ ಅಲಾರಾಂ. ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಮುಂದಿನ ಹಲ್ಲಿನ ಹಿಂದೆ ಪಕ್ಕದಿಂದ ಸಿರಿಂಜ್ ತೂರಿಸಿದೆ. ಎರಡು ಮಿ.ಲೀ. ನುಂಗಿ ಬಾಯಿ ಬಿಗಿಹಿಡಿದ. ಹಲ್ಲು ಕಟಕಟ ಅನ್ನುತ್ತಿತ್ತು. ಮೂತಿ ತಣ್ಣಗಾಗಿದೆಯಲ್ಲ ಅನ್ನಿಸಿತು, ರಾತ್ರಿ ಚಳಿಗೆ ಇರಬೇಕು ಅಂದುಕೊಂಡೆ. ಫೀಡ್ ಕೊಡುವಾಗ ತೊಡೆಯ ಮೇಲೆ ಹೊಯ್ಯದ ಗಿನಿ ಪಿಗ್ ನಾನು ನೋಡಿಲ್ಲ. ಟವೆಲ್ ಒಣಗಿಯೇ ಇತ್ತು. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು: ಕೇಜಲ್ಲೇ ಮುಗಿಸಿಕೊಂಡಿದ್ದಾನೆ.

ಅವನನ್ನು ಕೇಜಿಗೆ ಬಿಡಲು ಕೈ ಹಾಕಿದಾಗ ಮಣಿಕಟ್ಟಿನ ಮೇಲೆ ಒಂದು ಹನಿ ಬಿತ್ತು. ತಣ್ಣಗೆ.

ನಿದ್ದೆಗಣ್ಣಲ್ಲಿ ಆ ಹನಿಯನ್ನೇ ನೋಡುತ್ತ ನಿಂತೆ. ಇನ್ನೊಂದು ಬಿತ್ತು. ಬಾಟಲಿಯ ತುದಿಯಲ್ಲಿ ನೀರು ತಡೆಯುವ ಸಣ್ಣ ಗುಂಡು ಸರಿಯಾಗಿ ಕೂತಿರಲಿಲ್ಲ. ಮೂಲೆಯ ಪ್ಯಾಡ್ ಎತ್ತಿ ಮೂಸಿದೆ. ವಾಸನೆಯೇ ಇಲ್ಲ. ಅಂಚಿನಲ್ಲಿ ಒಣಗಿದ ಕಡೆ ಬಿಳಿ ಕಲೆಯೂ ಇಲ್ಲ. ಬರೀ ನೀರು. ಬಾಟಲಿಯಲ್ಲಿ ಇಳಿದ ನೀರೂ ಅದೇ, ಪ್ಯಾಡ್ ತೋಯಿಸಿದ ನೀರೂ ಅದೇ. ಒಂದು ಸೋರಿಕೆ ನನ್ನ ಕೈಯಲ್ಲಿ ಎರಡು ಟಿಕ್ ಹಾಕಿಸಿತ್ತು. ಮೂರನೆಯದು ಏನು ಅಂತ ಹೊಳೆದಾಗ ಕೈಕಾಲು ತಣ್ಣಗಾದವು. ಆ 36 ಗ್ರಾಂ ಅವನ ಹೊಟ್ಟೆಯೊಳಗೇ ಕಟ್ಟಿಕೊಂಡಿತ್ತು. ಕಟ್ಟಿಕೊಂಡ ಚರಂಡಿಗೆ ನಾನು ಮೇಲಿಂದ ಇನ್ನೂ 20 ಮಿ.ಲೀ. ಸುರಿದಿದ್ದೆ.

ಹೊಟ್ಟೆಗೆ ಬೆರಳು ತಾಗಿಸಿದೆ. ನಿಂಬೆಹಣ್ಣಿನಷ್ಟು, ಗಟ್ಟಿ, ಬಿಗಿ. ಆಗ ಮಾಡಬಾರದ್ದು ಮಾಡಿದೆ. ಬೆನ್ನುಹುರಿ ಪೆಟ್ಟಾದ ನಾಯಿಗಳ ಬ್ಲಾಡರ್ ದಿನಾ ಒತ್ತಿ ಖಾಲಿ ಮಾಡಿಸುವ ಕೈ ಇದು. ತಲೆ ಬೇಡ ಅನ್ನುವ ಮೊದಲೇ ಎರಡು ಬೆರಳು ಒತ್ತಿಬಿಟ್ಟವು. ಗುಂಡ ಒಮ್ಮೆ ಚೀರಿದ, ಆಮೇಲೆ ಸುಮ್ಮನಾದ. ಚೀರಿದ್ದಕ್ಕಿಂತ ಸುಮ್ಮನಾದದ್ದಕ್ಕೆ ಹೆದರಿದೆ. ದಾರಿ ಮುಚ್ಚಿರುವಾಗ ಒತ್ತಿದರೆ ಬ್ಲಾಡರ್ ಒಡೆಯಬಹುದು. ಟ್ರೈನಿಗಳಿಗೆ ಇದನ್ನು ಹೇಳಿಕೊಡುವವಳು ನಾನೇ.

ಡಾಕ್ಟ್ರು ಎರಡನೇ ರಿಂಗಿಗೇ ಎತ್ತಿದರು.

"ಕೈಗೆ ಸಿಗ್ತಿದೆಯಾ?"

"ಸಿಗ್ತಿದೆ ಮೇಡಂ. ಟೈಟಾಗಿದೆ."

"ಒತ್ತಿಲ್ಲ ತಾನೇ?"

"ಇಲ್ಲ."

ಸುಳ್ಳು ಅಷ್ಟು ಸಲೀಸಾಗಿ ಬರುತ್ತದೆ ಅಂತ ಅವತ್ತು ಗೊತ್ತಾಯಿತು. ಕ್ಲಿನಿಕ್ಕಿಗೆ ಹದಿನೈದು ನಿಮಿಷ. ಕ್ಯಾರಿಯರ್‌ಗೆ ಟವೆಲ್ ಮುಚ್ಚಿ, ಮಡಿಲಲ್ಲಿ ಇಟ್ಟುಕೊಂಡು, ಒಳಗಿಂದ ಏನಾದರೂ ಸದ್ದು ಬರಲಿ ಅಂತ ಕಾಯುತ್ತ ಹೋದೆ. ಡಾಕ್ಟ್ರು ಆಗಲೇ ಐಸೋ (ಅರಿವಳಿಕೆ ಗ್ಯಾಸ್) ಸಿದ್ಧ ಮಾಡಿದ್ದರು, ಬಂದ ಕೂಡಲೇ ಒದ್ದೆ ಬಡ್‌ನಿಂದ ಅವನ ಬಾಯಿ ಒರೆಸಲು ಶುರುಮಾಡಿದರು. ಈ ಪ್ರಾಣಿಗಳು ಕೆನ್ನೆಯಲ್ಲಿ ಹುಲ್ಲು ಉಳಿಸಿಕೊಂಡಿರುತ್ತವೆ, ಅರಿವಳಿಕೆ ಕೊಡುವ ಮುಂಚೆ ಅದನ್ನು ತೆಗೆಯಬೇಕು. ಮಾಸ್ಕ್ ಇಡುವ ಹೊತ್ತಿಗೆ ನನ್ನಿಂದ ತಡೆಯಲಾಗಲಿಲ್ಲ.

"ಮೇಡಂ, ಒತ್ತಿದ್ದೆ. ಒಂದ್ಸಲ."

ಅವರು ನನ್ನ ಮುಖ ನೋಡಲಿಲ್ಲ. ಮಾಸ್ಕ್ ಬದಿಗಿಟ್ಟು ಅಲ್ಟ್ರಾಸೌಂಡ್ ಪ್ರೋಬ್ ತೆಗೆದುಕೊಂಡರು. ಬ್ಲಾಡರ್ ಸುತ್ತ ಕಪ್ಪಾಗಿ ನೀರು ಕಾಣುತ್ತದಾ ಅಂತ ಇಬ್ಬರೂ ಸ್ಕ್ರೀನ್ ನೋಡಿದೆವು. ಇರಲಿಲ್ಲ. "ಹ್ಞೂಂ" ಅಂದರು, ಅಷ್ಟೇ. ಬೈದಿದ್ದರೆ ನಿರಾಳವಾಗುತ್ತಿತ್ತು.

ಸಣ್ಣ ಕ್ಯಾಥೆಟರ್, ಜೆಲ್, ಸಲೈನ್. ಮೂರು ಸಲ ತಡೆದು ನಾಲ್ಕನೇ ಸಲ ಕಲ್ಲು ಹಿಂದಕ್ಕೆ ಬ್ಲಾಡರ್‌ಗೆ ಜಾರಿತು. ಆಮೇಲೆ ಬಂದದ್ದು ಸುಣ್ಣ ಕದಡಿದ ನೀರಿನಂಥ ಉಚ್ಚೆ, ಎಳೆಯೆಳೆಯಾಗಿ ರಕ್ತ. ಸಿರಿಂಜಿನಲ್ಲಿ ಎಳೆದು ಎಳೆದು ಅಳೆದೆ: ಸುಮಾರು 30 ಮಿ.ಲೀ. ಬೆಳಿಗ್ಗೆ ಬ್ಲಾಡರ್ ತೆರೆದು ಕಲ್ಲನ್ನು ಹೊರತೆಗೆದರು. ಅಕ್ಕಿಕಾಳಿಗಿಂತ ಚಿಕ್ಕದು, ಮೈಯೆಲ್ಲ ಮುಳ್ಳು ಮುಳ್ಳು.

ಗುಂಡ ಬದುಕಿದ. ಮೂರನೇ ದಿನ ತಾನಾಗಿ ಹುಲ್ಲು ಕಡಿದ, ನಾಲ್ಕನೇ ದಿನ ನನ್ನ ತೊಡೆಯ ಮೇಲೆ ಬೆಚ್ಚಗೆ ಹೊಯ್ದ. ಓನರ್‌ಗೆ ಎಂದಿನ ಪಾಠ ಹೇಳಿದೆ. ಕ್ಯಾಲ್ಸಿಯಂ ಜಾಸ್ತಿ ಇರುವ ಅಲ್ಫಾಲ್ಫಾ ಮೇವು ನಿಲ್ಲಿಸಿ, ತಿಮೋತಿ ಹುಲ್ಲು ಎಷ್ಟು ತಿಂದರೂ ಕೊಡಿ. ವಿಟಮಿನ್ ಸಿ ನೀರಿಗೆ ಹಾಕಿದರೆ ಕೆಡುತ್ತದೆ, ನೇರ ಬಾಯಿಗೇ ಕೊಡಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಆ್ಯಂಟಿಬಯಾಟಿಕ್ ಕೊಡಬಹುದಾ ಅಂತ ಕೇಳಿದರು. ಗಾಬರಿಯಿಂದ ಸ್ವಲ್ಪ ಜೋರಾಗಿಯೇ ಬೇಡ ಅಂದೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಪ್ರಾಣಿಯೇ ಹೋಗಬಹುದು. ಕಲ್ಲು ಮತ್ತೆ ಆಗಬಹುದು ಅಂತಲೂ ಹೇಳಿದೆ. ಒತ್ತಿದ ವಿಷಯ ಮಾತ್ರ ಡಾಕ್ಟ್ರೇ ಹೇಳಿದರು, ನಾನು ಪಕ್ಕದಲ್ಲಿ ನಿಂತಿದ್ದೆ.

ಈಗ ನಾನು ಪ್ಯಾಡ್‌ಗಳನ್ನು ತೂಗುತ್ತೇನೆ. ಒಣ ಪ್ಯಾಡಿನ ತೂಕ ಕಳೆದರೆ ಉಳಿದದ್ದು ಒಂದು ಗ್ರಾಮಿಗೆ ಹೆಚ್ಚುಕಡಿಮೆ ಒಂದು ಮಿ.ಲೀ. ಮೂಸಿಯೂ ನೋಡುತ್ತೇನೆ, ಹುಡುಗರು ನಗುತ್ತಾರೆ. ನೀರನ್ನು ಬಟ್ಟಲಲ್ಲಿ ಇಡುತ್ತೇನೆ. ಗಂಡು ಗಿನಿ ಪಿಗ್ ಆದರೆ ಸಬ್‌ಕ್ಯೂ ಕೊಡುವ ಮೊದಲು ಹೊಟ್ಟೆಗೆ ಬೆರಳ ತುದಿ ಮಾತ್ರ ತಾಗಿಸುತ್ತೇನೆ.

ಮ್ಯಾನೇಜ್‌ಮೆಂಟಿಗೆ ಬರೆದು ಕೊಟ್ಟೆ: ಮೂತ್ರದ ಕಾಲಂನಲ್ಲಿ ಎಷ್ಟು ಅಂತ ತುಂಬಲು ಜಾಗ ಬೇಕು, ತೂಕ ಏರಿದ್ದೆಲ್ಲ ಹಸಿರಾಗಬಾರದು. ಮುಂದಿನ ಅಪ್‌ಡೇಟ್‌ನಲ್ಲಿ ಒಂದು ಬದಲಾವಣೆ ಬಂತು. 'ಮೂತ್ರ ಆಯಿತಾ?' ಕೆಳಗೆ ಈಗ ಇನ್ನೊಂದು ಪ್ರಶ್ನೆ ಇದೆ: 'ಖಚಿತವೇ?' ಅದಕ್ಕೂ ಹಸಿರು ಟಿಕ್ಕೇ.

ಸೋರುವ ಬಾಟಲಿಯ ಮೇಲೆ ದಪ್ಪ ಮಾರ್ಕರ್‌ನಲ್ಲಿ 'ಸೋರುತ್ತೆ, ಬಳಸಬೇಡಿ' ಅಂತ ಬರೆದು ಸಿಂಕ್ ಪಕ್ಕ ಇಟ್ಟಿದ್ದೆ. ಮೊನ್ನೆ ವಾರ್ಡಿನಲ್ಲಿ ಮೊಲದ ಕೇಜಿಗೆ ನೇತುಹಾಕಿದ್ದ ಬಾಟಲಿಯೊಂದರ ಮೇಲೆ ಮಸುಕು ಮಸುಕಾಗಿ 'ಬಳಸಬೇ' ಅನ್ನುವಷ್ಟು ಕಾಣಿಸಿತು. ಯಾರೋ ಸ್ಪಿರಿಟ್ ಹಾಕಿ ಚೆನ್ನಾಗಿ ಉಜ್ಜಿದ್ದರು.