ಕೈಗೆ ಗಾಳ, ಕಾಲಿಗೆ ಹುಟ್ಟು

ಫೆಬ್ರವರಿ ಕೊನೆ ಶನಿವಾರ, ಬೆಳಿಗ್ಗೆ ಏಳೂವರೆ ಆಗಿರ್ಬೇಕು, ಟೆಕ್ಸಾಸಿನ ಲೇಕ್ ಫೋರ್ಕ್ ಅನ್ನೋ ಕೆರೆಯ ಒಂದು ಕೊರಕಲಲ್ಲಿ ಸತ್ತ ಮರಗಳ ಮಧ್ಯೆ ಬೋಟ್ ನಿಲ್ಲಿಸ್ಕೊಂಡು ಗಾಳ ಎಸೀತಾ ಇದ್ವಿ. ತೆಂಕಣ ಗಾಳಿ ಸಣ್ಣಗೆ ತಳ್ತಾ ಇತ್ತು, ಅದಕ್ಕೆ ಆಗಾಗ ಬೋಟಿನ ಮುಂದಿರೋ ಸಣ್ಣ ಮೋಟರ್ ನಡೆಸೋ ಕಾಲಿನ ಪೆಡಲ್ ಒಂಚೂರು ಒತ್ತಿ ಬಿಡೋದು, ಒತ್ತಿ ಬಿಡೋದು, ಇಷ್ಟೇ ಕೆಲಸ. ಒಂದ್ಸಲ ಒತ್ತಿದೆ, ಮೋಟರ್ ಓಡ್ಲಿಲ್ಲ. ಇನ್ನೊಂದ್ಸಲ ಜೋರಾಗಿ ಒತ್ತಿದೆ, ಓಡ್ತು, ಕಾಲು ತೆಗೆದೆ, ನಿಲ್ಲಲೇ ಇಲ್ಲ. ಬೋಟು ಸೀದಾ ಹೋಗಿ ನೀರೊಳಗಿದ್ದ ಬೊಡ್ಡೆ ಮೇಲೆ ಹತ್ಕೊಂಡು ವಾಲ್ಬಿಡ್ತು, ಹಿಂದೆ ನಿಂತಿದ್ದ ನಮ್ಮ ದಾವಣಗೆರೆ ಗೆಳೆಯ ಸೀಟು ಹಿಡ್ಕೊಂಡು "ಲೇ ಕಾಲ್ ತಗಿಯಲೇ!" ಅಂತ ಕೂಗ್ತಾ ಇದಾನೆ, ನಾನು "ತೆಗ್ದಿದೀನಿ ಮಾರಾಯ, ಅದೇ ನಿಲ್ತಿಲ್ಲ" ಅಂತ ಇದೀನಿ. ಕೊನೆಗೆ ಬಗ್ಗಿ ಪ್ಲಗ್ ಕಿತ್ತು ಹಾಕ್ದ್ಮೇಲೆ ನಿಂತಿದ್ದು. ಚಳಿಗಾಲದ ನೀರು, ಇಬ್ರೂ ದಪ್ಪ ಜಾಕೆಟ್ ಹಾಕಿದ್ವಿ, ಲೈಫ್ ಜಾಕೆಟ್ ಇತ್ತು ಸರಿ, ಆದ್ರೂ ಅವನು ನೀರಿಗೆ ಬಿದ್ದಿದ್ರೆ ಮುಂದೆ ತಿರುಗ್ತಾ ಇದ್ದ ಮೋಟರಿನ ರೆಕ್ಕೆ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಒಳಗೆ ಒಂಥರಾ ಆಗುತ್ತೆ.

ಈ ಪೆಡಲ್ ಬಗ್ಗೆ ಬರೀಬೇಕು ಅಂತ ಅವತ್ತೇ ಅಂದ್ಕೊಂಡಿದ್ದೆ. ಡಾಲಸ್ ಸುತ್ತಮುತ್ತ ಬೋಟ್ ಇಟ್ಕೊಂಡಿರೋ ಕನ್ನಡದವ್ರು ಈಗ ಒಂದಷ್ಟು ಜನ ಇದೀವಿ, ಸೆಕೆಂಡ್ ಹ್ಯಾಂಡ್ ಬೋಟ್ ತಗೊಂಡವ್ರೇ ಜಾಸ್ತಿ, ಎಲ್ಲರದ್ದೂ ಒಂದಲ್ಲ ಒಂದಿನ ಇದೇ ಜಾಗದಲ್ಲಿ ಕೈ ಕೊಡುತ್ತೆ.

ಗೊತ್ತಿಲ್ದೇ ಇರೋವ್ರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಬೋಟಿನ ಹಿಂದೆ ಇರೋ ದೊಡ್ಡ ಪೆಟ್ರೋಲ್ ಇಂಜಿನ್ನು ಜಾಗದಿಂದ ಜಾಗಕ್ಕೆ ಹೋಗೋಕೆ. ಮೀನಿರೋ ಜಾಗ ತಲುಪಿದ್ಮೇಲೆ ಅದನ್ನ ಆಫ್ ಮಾಡಿ, ಮೂತಿ ಹತ್ರ ಇರೋ ಸಣ್ಣ ಎಲೆಕ್ಟ್ರಿಕ್ ಮೋಟರ್ ನೀರಿಗಿಳಿಸ್ತೀವಿ, ಸದ್ದಿರಲ್ಲ, ಬ್ಯಾಟರಿ ಮೇಲೆ ಓಡುತ್ತೆ. ಇದಕ್ಕೇ ಟ್ರೋಲಿಂಗ್ ಮೋಟರ್ ಅನ್ನೋದು. 1934 ರಲ್ಲಿ ಉತ್ತರ ಡಕೋಟಾದ ಫಾರ್ಗೋ ಊರಲ್ಲಿ ಓ. ಜಿ. ಶ್ಮಿಟ್ ಅನ್ನೋವ್ರು ಫೋರ್ಡ್ ಮಾಡೆಲ್ ಎ ಕಾರಿನ ಸ್ಟಾರ್ಟರ್ ಮೋಟರ್ ತಗೊಂಡು ಅದಕ್ಕೊಂದು ರೆಕ್ಕೆ ಸಿಕ್ಕಿಸಿ ಮೊದಲನೇದು ಮಾಡಿದ್ರು, ಊರು ಮಿನ್ನೆಸೋಟಾ ಗಡಿಲೇ ಇದ್ದಿದ್ರಿಂದ ಎರಡೂ ರಾಜ್ಯದ ಹೆಸರು ಸೇರಿಸಿ ಮಿನ್ ಕೋಟಾ ಅಂತ ಕಂಪನಿಗೆ ಹೆಸರಿಟ್ರು. ಟ್ರೋಲಿಂಗ್ ಅಂದ್ರೆ ಬೋಟ್ ಹಿಂದೆ ಗಾಳ ಎಳ್ಕೊಂಡು ನಿಧಾನಕ್ಕೆ ಹೋಗೋದು, ನಮ್ಮ ಹಾಗೆ ಬ್ಯಾಸ್ ಅನ್ನೋ ಮೀನು ಹಿಡಿಯೋವ್ರು ಅದನ್ನ ಮಾಡಲ್ಲ, ಬೋಟನ್ನ ಬೇಕಾದ ಜಾಗದಲ್ಲಿ ಹಿಡಿದು ನಿಲ್ಸೋಕಷ್ಟೇ ಈ ಮೋಟರ್ ಬಳಸ್ತೀವಿ, ಆದ್ರೂ ಹೆಸರು ಅದೇ ಉಳ್ಕೊಂಡಿದೆ.

ತುಂಗಾ ನದೀಲಿ ತೆಪ್ಪ ನಡೆಸೋ ಅಂಬಿಗರು ಒಂದೇ ಹುಟ್ಟಲ್ಲಿ ಅದನ್ನ ಸುತ್ತದ ಹಾಗೆ ಹಿಡಿಯೋದು ನೋಡಿ ಬೆಳೆದವನು ನಾನು. ಎರಡೂ ಕೈ ಅದಕ್ಕೇ ಬೇಕು. ಇಲ್ಲಿ ಎರಡೂ ಕೈ ಗಾಳಕ್ಕೆ, ಹುಟ್ಟು ಹಾಕೋದು ಕಾಲು. ಬೆರಳ ಕಡೆ ಒತ್ತಿದ್ರೆ ಬಲಕ್ಕೆ ತಿರುಗುತ್ತೆ, ಹಿಮ್ಮಡಿ ಒತ್ತಿದ್ರೆ ಎಡಕ್ಕೆ. ಪಕ್ಕದಲ್ಲೊಂದು ಬಟನ್, ಅದನ್ನ ಒತ್ತಿದಷ್ಟು ಹೊತ್ತು ಮಾತ್ರ ಮೋಟರ್ ಓಡುತ್ತೆ, ಇನ್ನೊಂದು ಸ್ವಿಚ್ ಹಾಕಿದ್ರೆ ಆಫ್ ಮಾಡೋವರೆಗೂ ಓಡ್ತಾನೇ ಇರುತ್ತೆ. ಸ್ಪೀಡಿಗೆ ಒಂದು ತಿರುಪು. ಎರಡು ಮೂರು ಟ್ರಿಪ್ ಆದ್ಮೇಲೆ ಯೋಚ್ನೇನೇ ಮಾಡಲ್ಲ, ಕಾಲು ತಾನಾಗೇ ಮಾಡ್ತಿರುತ್ತೆ. ಯೋಚ್ನೆ ಮಾಡಲ್ಲ ಅನ್ನೋದಕ್ಕೇ ಅದು ಹಾಳಾಗ್ತಾ ಬಂದಿದ್ದೂ ಗೊತ್ತಾಗಲ್ಲ. ನನ್ನ ಪೆಡಲ್ ಎರಡು ತಿಂಗಳಿಂದ ಹತ್ತಕ್ಕೊಂದು ಸಲ ಕೈ ಕೊಡ್ತಾ ಇತ್ತು, ಕಾಲು ಅದನ್ನ ಸರಿ ಮಾಡ್ಕೊಂಡು ಎರಡು ಸಲ ಒತ್ತೋದು ಅಭ್ಯಾಸ ಮಾಡ್ಕೊಂಡ್ಬಿಟ್ಟಿತ್ತು, ನಂಗೆ ಅದು ಆಮೇಲೆ ಹೊಳೆದಿದ್ದು.

ಪೆಡಲಲ್ಲಿ ಎರಡು ಜಾತಿ. ಒಂದು ಕೇಬಲ್‌ದು, ಸೈಕಲ್ ಬ್ರೇಕ್ ತರ ಎರಡು ಸ್ಟೀಲ್ ಕೇಬಲ್ ಪೆಡಲಿಂದ ಮೋಟರ್ ತಲೆಗೆ ಹೋಗಿರುತ್ತೆ, ಕಾಲು ಅಲ್ಲಾಡಿಸಿದಷ್ಟು ತಲೆ ತಿರುಗುತ್ತೆ. ಇನ್ನೊಂದು ಪೂರ್ತಿ ಎಲೆಕ್ಟ್ರಿಕ್, ವೈರಲ್ಲೇ ಸಿಗ್ನಲ್ ಹೋಗಿ ಇನ್ನೊಂದು ಪುಟ್ಟ ಮೋಟರ್ ತಿರುಗಿಸುತ್ತೆ, ಜಿಪಿಎಸ್ ಎಲ್ಲಾ ಇರುತ್ತೆ. ನಂದು ಕೇಬಲ್‌ದು, 24 ವೋಲ್ಟ್, 80 ಪೌಂಡ್ ತಳ್ಳೋ ಶಕ್ತಿದು. ಕಂಪನಿ ಯಾವ್ದು ಅನ್ನೋದು ಇಲ್ಲಿ ಮುಖ್ಯ ಅಲ್ಲ, ನಾನು ನೋಡಿರೋ ಎಲ್ಲಾ ಕಂಪನಿ ಪೆಡಲಲ್ಲೂ ಕೆಡೋದು ಇದೇ ಜಾಗಗಳು. ಮರಗಳ ಮಧ್ಯೆ ನುಗ್ಗೋವ್ರಿಗೆ ನನ್ನ ಕೇಳಿದ್ರೆ ಕೇಬಲ್‌ದೇ ಚೆನ್ನ, ಕಾಲು ಒತ್ತಿದ ಕ್ಷಣಕ್ಕೇ ತಿರುಗುತ್ತೆ, ಕೆಟ್ರೂ ಕಣ್ಣಿಗೆ ಕಾಣೋ ಹಾಗೆ ಕೆಡುತ್ತೆ.

ಮನೆಗೆ ಬಂದು ಮಾರನೇ ದಿನ ಗ್ಯಾರೇಜಲ್ಲಿ ಬಿಚ್ಚೋಕೆ ಕೂತೆ. ಹೊಸ ಪೆಡಲ್ ಸೆಟ್ಟೇ ತಗೋಬೇಕಂದ್ರೆ ನೂರಾರು ಡಾಲರ್, ಅದಕ್ಕಿಂತ ಮುಂಚೆ ಒಳಗೆ ಏನಿದೆ ನೋಡೇ ಬಿಡೋಣ ಅಂತ. ಮೊದ್ಲು ಪ್ಲಗ್ ಕೀಳಬೇಕು, ಬ್ರೇಕರ್ ಆಫ್ ಮಾಡ್ಬೇಕು, ಎರಡೂ ಮಾಡ್ಬೇಕು. ನನ್ನ ಮೋಟರ್ ಫುಲ್ ಸ್ಪೀಡಲ್ಲಿ ಐವತ್ತು ಆಂಪಿಗೂ ಮೇಲೆ ಎಳೆಯುತ್ತೆ, ಅದಕ್ಕೇ 60 ಆಂಪಿನ ಬ್ರೇಕರ್ ಇರೋದು, ಅಷ್ಟು ಕರೆಂಟಿರೋ ವೈರ್ ಮಧ್ಯೆ ಸ್ಕ್ರೂಡ್ರೈವರ್ ಬಿದ್ರೆ ಬೆಸುಗೆ ಹಾಕಿದ ಹಾಗೆ ಕಿಡಿ ಹಾರುತ್ತೆ. ರೆಕ್ಕೆ ಹತ್ರ ಮಕ್ಕಳು, ನಾಯಿ ಯಾರೂ ಇರ್ಬಾರ್ದು. ಆಮೇಲೆ ಪ್ರತಿ ಸ್ಕ್ರೂ ಬಿಚ್ಚೋಕೆ ಮುಂಚೆ ಫೋನಲ್ಲಿ ಒಂದು ಫೋಟೋ, ಸ್ಪ್ರಿಂಗ್ ಯಾವ ಕಡೆ ಕೊಕ್ಕೆ ಹಾಕಿತ್ತು ಅನ್ನೋದು ಬಿಚ್ಚಿದ್ಮೇಲೆ ಯಾರಿಗೂ ನೆನಪಿರಲ್ಲ.

ಕೆಳಗಿನ ತಟ್ಟೆ ತೆಗೆದ್ರೆ ಒಳಗೆ ಮರಳು, ತುಂಡು ದಾರ, ಸತ್ತ ಜೇಡ, ಒಣಗಿದ ಪಾಚಿ, ಜೊತೆಗೆ ಬಿಳಿ ಪುಡಿ. ಈ ಬಿಳಿ ಪುಡಿ ಏನು ಅಂತ ಮೊದ್ಲು ಅರ್ಥ ಆಗ್ಲಿಲ್ಲ, ಸಿಹಿನೀರಿನ ಕೆರೆ, ಸಮುದ್ರ ಅಲ್ವಲ್ಲ, ಸ್ವಿಚ್ಚಿನ ತಾಮ್ರದ ಕಾಲುಗಳು ಹಸಿರಾಗೋಕೆ ಉಪ್ಪು ಎಲ್ಲಿಂದ ಬಂತು ಅಂತ. ಪಕ್ಕದ್ಮನೆ ಅಜ್ಜ, ಎಪ್ಪತ್ತು ದಾಟಿದಾರೆ, ಚಿಕ್ಕೋರಿದ್ದಾಗಿಂದ ಮೀನು ಹಿಡಿಯೋವ್ರು, ಬಂದು ನೋಡಿ ನನ್ನ ಗಾಳದ ಡಬ್ಬಿ ಕಡೆ ಬೆರಳು ತೋರ್ಸಿದ್ರು. ನಾವು ಬಳಸೋ ರಬ್ಬರ್ ಹುಳುಗಳಿಗೆ ಉಪ್ಪು ತುಂಬಿರ್ತಾರೆ, ಮೀನು ಬಾಯಲ್ಲಿ ಸ್ವಲ್ಪ ಹೊತ್ತು ಹಿಡ್ಕೊಳ್ಲಿ ಅಂತ, ತೂಕಕ್ಕೂ ಆಗುತ್ತೆ. ಹುಳ ಬದಲಾಯಿಸ್ವಾಗೆಲ್ಲ ಆ ಉಪ್ಪು ಉದುರೋದು ಸೀದಾ ಕಾಲ ಕೆಳಗೆ, ಪೆಡಲ್ ಮೇಲೆ. ಮೇಲಿಂದ ಮಳೆ ನೀರು, ಅಲೆ ಎರಚಿದ ನೀರು. ಪೆಡಲ್ ಕೂರೋದು ಡೆಕ್ಕಲ್ಲಿ ಮಾಡಿರೋ ತಗ್ಗಲ್ಲಿ, ನೀರು ಅಲ್ಲೇ ನಿಲ್ಲುತ್ತೆ. ನಂದ್ರಲ್ಲಿ ಆ ತಗ್ಗಿನ ನೀರು ಹೋಗೋ ತೂತು ಎಲೆ ಕಸಕ್ಕೆ ಮುಚ್ಚೋಗಿತ್ತು. ಅಂದ್ರೆ ಪೆಡಲ್ ವರ್ಷಗಟ್ಲೆ ಉಪ್ಪುನೀರಲ್ಲೇ ಕೂತಿತ್ತು, ಕೆಟ್ಟಿದ್ದು ಪೆಡಲ್ ತಪ್ಪಲ್ಲ.

ಬಟನ್ ಕೆಳಗಿರೋ ಸಣ್ಣ ಸ್ವಿಚ್ಚಿಗೆ ಮಲ್ಟಿಮೀಟರ್ ಹಚ್ಚಿ, ಸ್ವಿಚ್ ಕೂಡಿದಾಗ ಮಾತ್ರ ಸದ್ದು ಮಾಡೋ ಬೀಪ್ ಮೋಡಲ್ಲಿಟ್ಟು ಇಪ್ಪತ್ತು ಸಲ ಒತ್ತಿ ನೋಡಿದೆ. ನಾಲ್ಕೈದು ಸಲ ಬೀಪ್ ಬರ್ಲಿಲ್ಲ, ಎರಡು ಸಲ ಬಿಟ್ಮೇಲೂ ನಿಲ್ಲಲಿಲ್ಲ. ಒಂದೇ ಸಲ ಒತ್ತಿ ಬೀಪ್ ಬಂತು ಅಂತ ಸ್ವಿಚ್ ಚೆನ್ನಾಗಿದೆ ಅಂದ್ಕೋಬೇಡಿ, ಇಪ್ಪತ್ತು ಸಲ ಒತ್ತಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಳೇ ಟೂತ್‌ಬ್ರಷಲ್ಲಿ ಉಜ್ಜಿದ್ಮೇಲೆ ಬಟನ್ನಿನ ಕಡ್ಡಿ ಸಲೀಸಾಗಿ ಮೇಲೆ ಬರೋಕೆ ಶುರುವಾಯ್ತು, ಆದ್ರೆ ಸ್ವಿಚ್ ಮಾತ್ರ ಆಗೊಮ್ಮೆ ಈಗೊಮ್ಮೆ ತಪ್ಪುತ್ತಲೇ ಇತ್ತು. ಬೊಡ್ಡೆ ಮೇಲೆ ಹತ್ತಿದ್ದು ನೆನಪಿತ್ತಲ್ಲ, ಕ್ಲೀನ್ ಮಾಡಿದ್ದು ಸಾಕು ಅಂತ ಬಿಡೋಕೆ ಮನಸಾಗ್ಲಿಲ್ಲ, ಕಿತ್ತು ಹೊಸದು ಹಾಕ್ದೆ, ಕೆಲವೇ ಡಾಲರ್ ಅದು. ವೈರ್ ಜೋಡಿಸ್ವಾಗ ಸುಮ್ನೆ ಟೇಪ್ ಸುತ್ತಬೇಡಿ. ಒಳಗೆ ಅಂಟು ಇರೋ, ಬಿಸಿಗೆ ಕುಗ್ಗೋ ಹೀಟ್ ಶ್ರಿಂಕ್ ಕನೆಕ್ಟರ್ ಸಿಗುತ್ತೆ, ಇಕ್ಕಳದಲ್ಲಿ ಒತ್ತಿ ಕ್ರಿಂಪ್ ಮಾಡಿ ಬಿಸಿ ಗಾಳಿ ಹಿಡಿದ್ರೆ ಅಂಟು ಕರಗಿ ಎರಡೂ ಕಡೆ ಇಣುಕುತ್ತೆ, ನೀರು ಒಳಗೆ ಹೋಗಲ್ಲ. ವೈರು ಡೆಕ್ಕಿನ ತೂತಲ್ಲಿ ಬಗ್ಗೋ ಜಾಗನೂ ಒಂದ್ಸಲ ಬೆರಳಲ್ಲಿ ಹಿಸುಕಿ ನೋಡಿ, ಹೊರಗಿನ ರಬ್ಬರ್ ಚೆನ್ನಾಗೇ ಇರುತ್ತೆ, ಒಳಗೆ ಎಳೆಗಳು ತುಂಡಾಗಿ ಮೆತ್ತಗಾಗಿರುತ್ತೆ.

ಕೇಬಲ್ ವಿಷ್ಯ ಬಂದಾಗ ನಂಗೆ ಅಮ್ಮನ ಹೊಲಿಗೆ ಮೆಷಿನ್ ನೆನಪಾಗೋದು. ತೀರ್ಥಹಳ್ಳಿ ಮನೇಲಿ ಜಗಲಿ ಕಿಟಕಿ ಹತ್ರ ಕಾಲಲ್ಲಿ ತುಳಿಯೋ ಮೆಷಿನ್ ಇತ್ತು, ಅದೂ ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಚರ್ಮದ ಬೆಲ್ಟ್ ಸಡಿಲ ಆದ್ರೆ ತುಳಿದಷ್ಟೂ ಚಕ್ರ ಜಾರೋದು, ಅಮ್ಮ ಬೆಲ್ಟಿನ ತಂತಿ ಕೊಕ್ಕೆ ಬಿಚ್ಚಿ ಕಾಲು ಇಂಚು ಕತ್ತರಿಸಿ ಮತ್ತೆ ಸಿಕ್ಕಿಸೋಳು. ಒಂದ್ಸಲ ನಾನು ಜಾಸ್ತಿ ಕತ್ತರಿಸಿ ಬಿಗಿ ಮಾಡಿಟ್ಟಿದ್ದೆ, ಅಮ್ಮ ತುಳಿದು ನೋಡಿ "ಇದು ಮೆಷಿನ್ನೋ ಗಾಣನೋ, ಕಾಲು ಬಿದ್ದು ಹೋಗುತ್ತಪ್ಪ" ಅಂದಿದ್ಲು. ಪೆಡಲ್ ಕೇಬಲ್ಲೂ ಥೇಟ್ ಹಾಗೇ. ಸಡಿಲ ಇದ್ರೆ ಕಾಲು ಒತ್ತಿದ್ಮೇಲೆ ಸ್ವಲ್ಪ ದೂರ ಏನೂ ಆಗಲ್ಲ, ಆಮೇಲೆ ಒಮ್ಮೆಲೇ ತಿರುಗುತ್ತೆ, ಬೋಟು ಕುಡಿದವನ ತರ ಆ ಕಡೆ ಈ ಕಡೆ ಹೋಗುತ್ತೆ. ಜಾಸ್ತಿ ಬಿಗಿ ಮಾಡಿದ್ರೆ ಮಧ್ಯಾಹ್ನದೊಳಗೆ ಮೀನಖಂಡ ನೋಯುತ್ತೆ, ಕೇಬಲ್ಲೂ ಬೇಗ ಸವೆಯುತ್ತೆ. ಟೆನ್ಷನ್ ಸ್ಕ್ರೂ ಅರ್ಧ ಸುತ್ತು ತಿರುಗಿಸೋದು, ಕಾಲಿಟ್ಟು ನೋಡೋದು, ಮತ್ತೆ ಅರ್ಧ ಸುತ್ತು. ಕಣ್ಣಲ್ಲಿ ನೋಡಿ ಆಗೋ ಕೆಲಸ ಅಲ್ಲ, ಬರಿಗಾಲಲ್ಲಿ ಮಾಡಿ, ಶೂ ಹಾಕ್ಕೊಂಡ್ರೆ ಗೊತ್ತಾಗಲ್ಲ.

ಕೇಬಲ್ ತುದಿ ಸುತ್ತೋ ಜಾಗದಲ್ಲಿ ಬಟ್ಟೆ ಹಿಡಿದು ಸವರಿ ನೋಡಿ, ಬರಿ ಬೆರಳಲ್ಲಿ ಬೇಡ, ಒಂದು ಎಳೆ ತುಂಡಾಗಿದ್ರೂ ಸೂಜಿ ತರ ಚುಚ್ಚುತ್ತೆ. ಬಟ್ಟೆ ಸಿಕ್ಕಾಕ್ಕೊಂಡ್ರೆ ಕೇಬಲ್ ಹೋಯ್ತು ಅಂತಲೇ ಲೆಕ್ಕ, ಎರಡೂ ಒಟ್ಟಿಗೆ ಬದಲಾಯಿಸಿ, ಒಂದು ಹಳೇದು ಒಂದು ಹೊಸದು ಇದ್ರೆ ಬಿಗಿ ಯಾವತ್ತೂ ಸಮ ಆಗಲ್ಲ. ಚಳಿಗಾಲದಲ್ಲಿ ಬೆಳಿಗ್ಗೆ ಬೆಳಿಗ್ಗೆ ಪೆಡಲ್ ಗಟ್ಟಿಯಾಗಿ, ಹತ್ತು ಗಂಟೆಗೆ ತಾನಾಗೇ ಸರಿ ಹೋದ್ರೆ ಕೇಬಲ್ ಕೊಳವೆ ಒಳಗೆ ನೀರು ಸೇರಿ ಹೆಪ್ಪುಗಟ್ಟಿದೆ ಅಂತ ಅರ್ಥ, ಅದನ್ನ ಎಳೆದಾಡಿ ಮುರೀಬೇಡಿ, ಕರಗೋವರೆಗೂ ಕಾಯಿರಿ.

ಎಣ್ಣೆ ವಿಷ್ಯದಲ್ಲಿ ನಾನು ಮೂರು ವರ್ಷದ ಹಿಂದೆ ಒಂದು ತಪ್ಪು ಮಾಡಿದ್ದೆ. ಪೆಡಲ್ ಕಿರ್ ಅಂತ ಇದೆ ಅಂತ ಸಿಕ್ಕ ಸಿಕ್ಕ ಕಡೆಗೆಲ್ಲಾ ಸ್ಪ್ರೇ ಹೊಡೆದಿದ್ದೆ, ಒಂದು ವಾರ ಚೆನ್ನಾಗಿತ್ತು, ಆಮೇಲೆ ಆ ಜಿಡ್ಡಿಗೆ ಧೂಳು ಮರಳು ಎಲ್ಲಾ ಅಂಟಿ ಅರೆಯೋ ಕಲ್ಲಿನ ತರ ಆಗೋಯ್ತು. ಅಮ್ಮ ಮೆಷಿನ್ನಿಗೆ ಎಣ್ಣೆ ಬಿಡೋವಾಗ ತೂತಿಗೊಂದು ಹನಿ ಅಷ್ಟೇ ಬಿಡೋಳು, ಆಮೇಲೆ ಹಳೇ ಬಟ್ಟೆ ಮೇಲೆ ನಾಲ್ಕು ಸಾಲು ಓಡಿಸಿ ಹೆಚ್ಚಿನ ಎಣ್ಣೆ ಹೋಗಿಸೋಳು, ಇಲ್ದಿದ್ರೆ ಹೊಸ ಬ್ಲೌಸಿಗೆ ಕಲೆ. ಈಗ ನಾನೂ ಹಾಗೇ ಮಾಡೋದು. ಕೀಲುಗಳಿಗೆ ಮಾತ್ರ ಮರೀನ್ ಗ್ರೀಸು, ಬೆರಳ ತುದಿಯಷ್ಟು. ವೈರ್ ಕನೆಕ್ಟರ್‌ಗಳಿಗೆ ಕರೆಂಟ್ ಹರಿಸದ ಡೈಎಲೆಕ್ಟ್ರಿಕ್ ಗ್ರೀಸು. ಪ್ಲಾಸ್ಟಿಕ್ಕಿಗೆ ಸಿಲಿಕಾನ್ ಸ್ಪ್ರೇ ಬಟ್ಟೆಗೆ ಹೊಡೆದು ಒರೆಸೋದು. ಆಮೇಲೆ ನೂರು ಸಲ ತುಳಿದು, ಹೊರಗೆ ಬಂದಿದ್ದನ್ನೆಲ್ಲಾ ಒರೆಸಿ ತೆಗೆಯೋದು.

ಇದೇ ಕೂತಲ್ಲಿ ರೆಕ್ಕೆನೂ ಬಿಚ್ಚಿ ನೋಡಿಬಿಡಿ, ಅದರ ಹಿಂದೆ ಮೀನಿನ ದಾರ ಸುತ್ಕೊಂಡಿರುತ್ತೆ, ಅದು ಸೀಲ್ ಕತ್ತರಿಸಿದ್ರೆ ಮೋಟರೊಳಗೇ ನೀರು, ಆಗ ಪೆಡಲ್ ಎಷ್ಟು ಚೆನ್ನಾಗಿದ್ರೂ ಪ್ರಯೋಜನ ಇಲ್ಲ.

ಎಲ್ಲಾ ಕಟ್ಟಿ ಮುಗಿಸೋ ಹೊತ್ತಿಗೆ ಸಂಜೆ ಆಗಿತ್ತು. ಮೋಟರ್ ತಲೆ ಮೇಲಿರೋ ಬಾಣದ ಗುರುತು ಕಾಲಿನ ಜೊತೆಗೇ ತಿರುಗ್ತಾ ಇದೆಯಾ ನೋಡ್ದೆ, ಪ್ಲಗ್ ಹಾಕಿ ಎರಡು ಸೆಕೆಂಡ್ ಮಾತ್ರ ಓಡ್ಸಿದೆ, ನೀರಿಲ್ದೇ ಜಾಸ್ತಿ ಹೊತ್ತು ಓಡಿಸ್ಬಾರ್ದು. ಮುಂದಿನ ಶನಿವಾರ ದೂರ ಹೋಗ್ದೇ ಡೆಂಟನ್ ಹತ್ರದ ರೇ ರಾಬರ್ಟ್ಸ್ ಕೆರೆಗೆ ಹೋಗಿ, ಮೊದ್ಲು ಮರಗಳಿಲ್ಲದ ಬಯಲು ನೀರಲ್ಲಿ ಅರ್ಧ ಗಂಟೆ ಬರೀ ಒತ್ತೋದು ಬಿಡೋದು ಮಾಡಿದ್ವಿ, ಗಾಳಾನೇ ಹಾಕ್ಲಿಲ್ಲ. ಗೆಳೆಯ ಹಿಂದೆ ಕೂತು ಎಣಿಸ್ತಾ ಇದ್ದ. ನೂರಕ್ಕೆ ನೂರು ಸಲನೂ ಸರಿಯಾಗಿ ಓಡಿ ಸರಿಯಾಗಿ ನಿಲ್ತು. ಆಮೇಲೇ ಅವನು ಎದ್ದು ನಿಂತು ಗಾಳ ಹಾಕಿದ್ದು.

ಲೇಕ್ ಫೋರ್ಕಿಗೆ ಏಪ್ರಿಲಲ್ಲಿ ಮತ್ತೆ ಹೋದ್ವಿ. 1992 ರ ಜನವರೀಲಿ ಅಲ್ಲಿ ಹಿಡಿದ 18.18 ಪೌಂಡಿನ ಬ್ಯಾಸ್, ಅಂದ್ರೆ ಎಂಟು ಕೆಜಿಗೂ ಮೇಲೆ, ಇವತ್ತಿಗೂ ಟೆಕ್ಸಾಸ್ ರೆಕಾರ್ಡು, ಅಲ್ಲಿಗೆ ಹೋಗೋ ಪ್ರತಿಯೊಬ್ರ ತಲೇಲೂ ಆ ನಂಬರ್ ಇರುತ್ತೆ. ನಮಗೆ ಸಿಕ್ಕಿದ್ದು ನಾಲ್ಕು ಪೌಂಡಿಂದು ಒಂದು, ಅದೇ ಬೊಡ್ಡೆ ಹತ್ರಾನೇ, ಗಾಳಿಗೆ ಎದುರು ಬೋಟ್ ಹಿಡಿದು ನಿಲ್ಸಿದ್ದು ಪೆಡಲ್ಲೇ, ಮೀನನ್ನ ಗಾಳದಿಂದ ಬಿಡಿಸಿ ವಾಪಸ್ ನೀರಿಗೆ ಬಿಟ್ವಿ.

ಈಗ ಪ್ರತಿ ಟ್ರಿಪ್ ಆದ್ಮೇಲೆ ಪೆಡಲ್ ಮೇಲೆ ಒಂದು ಚೊಂಬು ಸಿಹಿನೀರು ಸುರಿದು ಉಪ್ಪು ತೊಳೀತೀನಿ, ತಗ್ಗಿನ ತೂತಿಗೆ ಒಂದು ಕಡ್ಡಿ ಹಾಕಿ ನೋಡ್ತೀನಿ, ಬಿಸಿಲಿಗೆ ರಬ್ಬರ್ ಸೀಳದ ಹಾಗೆ ಹಳೇ ಟವೆಲ್ ಹೊದಿಸ್ತೀನಿ. ಪೂರ್ತಿ ಬಿಚ್ಚೋದು ವರ್ಷಕ್ಕೊಂದ್ಸಲ, ಆಯುಧ ಪೂಜೆ ಹಿಂದಿನ ವಾರ, ಅಮ್ಮನೂ ಮೆಷಿನ್ ಬಿಚ್ಚಿ ಒರೆಸ್ತಾ ಇದ್ದಿದ್ದು ಆಗಲೇ. ಪೂಜೆ ದಿನ ಟ್ರೇಲರ್ ಚಕ್ರಕ್ಕೆ ನಿಂಬೆಹಣ್ಣು, ಪೆಡಲ್ಲಿಗೊಂದು ಕುಂಕುಮ. ಎಡಗಡೆ ಕೇಬಲ್ ಕೊಳವೆ ಮೇಲೆ ಒಂದು ಸಣ್ಣ ಬಿರುಕು ಕಾಣ್ತಾ ಇದೆ, ಸದ್ಯಕ್ಕೆ ಹೀಟ್ ಶ್ರಿಂಕ್ ಹಾಕಿದೀನಿ, ಈ ಸಲ ನವರಾತ್ರಿಗೆ ಎರಡೂ ಕೇಬಲ್ ಹೊಸದು ಹಾಕ್ಬೇಕು.