ಲಂಡನ್ನಿನ ನೆಲದಡಿಯ ರೋಮನ್ ಊರು: ಒಂದು ದಿನದ ನಡಿಗೆಗೆ ಸಲಹೆಗಳು

ಲಂಡನ್ನಿಗೆ ಹೋದವರು ಅಲ್ಲಿನ ರೋಮನ್ ಅವಶೇಷಗಳಿಗೆ ಒಂದು ದಿನವನ್ನು ಮೀಸಲಿಡುವುದಾದರೆ ಅದು ಶನಿವಾರವಾಗಿರಲಿ. ಬಿಲ್ಲಿಂಗ್ಸ್‌ಗೇಟ್‌ನ ಸ್ನಾನಗೃಹವನ್ನು ಸಾಮಾನ್ಯವಾಗಿ ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಶನಿವಾರಗಳಂದು, ಮಾರ್ಗದರ್ಶಕರೊಡನೆ ಮಾತ್ರ ತೋರಿಸುತ್ತಾರೆ. ಉಳಿದ ತಾಣಗಳೂ ಆ ದಿನ ತೆರೆದಿರುತ್ತವೆ. ಆದರೆ ಕಚೇರಿಗಳೇ ತುಂಬಿರುವ ‘ಸಿಟಿ’ ಪ್ರದೇಶದಲ್ಲಿ ವಾರಾಂತ್ಯಕ್ಕೆ ಅನೇಕ ಹೋಟೆಲುಗಳು ಮುಚ್ಚಿರುವುದರಿಂದ, ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗುವುದು ಜಾಣತನ.

ನಡಿಗೆಯನ್ನು ಟವರ್ ಹಿಲ್ ನಿಲ್ದಾಣದಿಂದ ಆರಂಭಿಸಿ ಪಶ್ಚಿಮಕ್ಕೆ ಸಾಗಬೇಕು. ನಿಲ್ದಾಣದ ಪಕ್ಕದಲ್ಲೇ ಕ್ರಿ.ಶ. 200ರ ಸುಮಾರಿನ ಕೋಟೆಗೋಡೆ ನಿಂತಿದೆ. ಕಲ್ಲಿನ ಸಾಲುಗಳ ನಡುವೆ ಕೆಂಪು ಇಟ್ಟಿಗೆಯ ಪಟ್ಟಿಗಳಿರುವ ಕೆಳಭಾಗ ರೋಮನ್ನರದು, ಮೇಲಿನದು ಮಧ್ಯಯುಗದಲ್ಲಿ ಏರಿಸಿದ್ದು. ಇಲ್ಲಿ ಹೆಚ್ಚು ಹೊತ್ತು ಕಳೆಯಬೇಕಿಲ್ಲ.

ಲೋಯರ್ ಥೇಮ್ಸ್ ಬೀದಿಯ ಬಿಲ್ಲಿಂಗ್ಸ್‌ಗೇಟ್‌ನ ರೋಮನ್ ಮನೆ ಮತ್ತು ಸ್ನಾನಗೃಹದ ಅವಶೇಷಗಳು 1848ರಲ್ಲಿ, ಕಲ್ಲಿದ್ದಲು ವಿನಿಮಯ ಕೇಂದ್ರದ ಕಟ್ಟಡಕ್ಕಾಗಿ ಅಗೆಯುವಾಗ ಬೆಳಕಿಗೆ ಬಂದವು. ಈಗ ಅವು ಒಂದು ಕಚೇರಿ ಕಟ್ಟಡದ ನೆಲಮಾಳಿಗೆಯಲ್ಲಿವೆ. ಟಿಕೆಟ್ಟನ್ನು ಮುಂಗಡವಾಗಿಯೇ ಕೊಳ್ಳಬೇಕು. ನೆಲವನ್ನು ಎತ್ತಿ ಹಿಡಿದಿದ್ದ ಗಿಡ್ಡ ಇಟ್ಟಿಗೆ ಕಂಬಗಳನ್ನೂ, ಅವುಗಳ ನಡುವೆ ಬಿಸಿಗಾಳಿ ಹರಿದು ಕೋಣೆಯನ್ನು ಕಾಯಿಸುತ್ತಿದ್ದ ಬಗೆಯನ್ನೂ ಹತ್ತಿರದಿಂದ ನೋಡಬಹುದು. ಕುಸಿದ ಹೆಂಚುಗಳ ನಡುವೆ ರೋಮನ್ನರ ನಂತರ ಬಂದ ಸ್ಯಾಕ್ಸನ್ ಜನರ ಉಡುಪಿನ ಒಂದು ಪದಕಪಿನ್ನು ಸಿಕ್ಕಿತ್ತು. ಪಾಳುಬಿದ್ದ ಮನೆಯೊಳಗೆ ಯಾರೋ ಸುಳಿದಾಡಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ದಿನದ ಹೆಚ್ಚಿನ ಸಮಯವನ್ನು ವಾಲ್‌ಬ್ರೂಕ್ ಬೀದಿಯಲ್ಲಿರುವ, ರೋಮನ್ನರು ಪೂಜಿಸುತ್ತಿದ್ದ ಮಿತ್ರ (ಮಿಥ್ರಾಸ್) ಎಂಬ ದೇವರ ದೇವಾಲಯಕ್ಕೆ ಉಳಿಸಿಕೊಳ್ಳಿ. ಪ್ರವೇಶ ಉಚಿತವಾದರೂ ಸಮಯವನ್ನು ಮೊದಲೇ ಕಾಯ್ದಿರಿಸುವುದು ಲೇಸು, ಸೋಮವಾರ ರಜೆ. ಕ್ರಿ.ಶ. 240ರ ಸುಮಾರಿಗೆ ಕಟ್ಟಿದ ಈ ಗುಡಿ 1954ರಲ್ಲಿ ಪತ್ತೆಯಾದಾಗ ಜನ ಸಾಲುಗಟ್ಟಿ ನಿಂತು ನೋಡಿದ್ದರು. ಅನಂತರ ಅದರ ಕಲ್ಲುಗಳನ್ನು ಬೇರೆಡೆ ಒಯ್ದು, 1962ರಲ್ಲಿ ಬಯಲಿನಲ್ಲಿ ಸಾಕಷ್ಟು ಒರಟಾಗಿ ಜೋಡಿಸಲಾಗಿತ್ತು; 2017ರಲ್ಲಿ ಬ್ಲೂಮ್‌ಬರ್ಗ್ ಸಂಸ್ಥೆಯ ಕಟ್ಟಡದಡಿ, ಬೀದಿಮಟ್ಟದಿಂದ ಸುಮಾರು 7 ಮೀಟರ್ ಆಳದಲ್ಲಿ, ಮೂಲಸ್ಥಳದ ಹತ್ತಿರಕ್ಕೆ ಮರಳಿ ತರಲಾಯಿತು. ಕತ್ತಲು, ಮಂಜು ಮತ್ತು ಲ್ಯಾಟಿನ್ ಧ್ವನಿಗಳಿಂದ ಗುಡಿಯ ವಾತಾವರಣವನ್ನು ಮರುಸೃಷ್ಟಿಸುತ್ತಾರೆ. ಚಿಕ್ಕ ಮಕ್ಕಳಿಗೆ ಇದು ಭಯ ಹುಟ್ಟಿಸಬಹುದು.

ನನ್ನ ಮಟ್ಟಿಗೆ ಗುಡಿಗಿಂತ ದೊಡ್ಡದು ಅಲ್ಲಿನ ಅಗೆತದಲ್ಲಿ ದೊರೆತ ಬರವಣಿಗೆಯ ಹಲಗೆಗಳು. ವಾಲ್‌ಬ್ರೂಕ್ ತೊರೆಯ ಒದ್ದೆ ಕೆಸರಿಗೆ ಗಾಳಿ ಸೋಕದ ಕಾರಣ ಮರ ಕೊಳೆಯದೆ ಉಳಿಯಿತು. ಬಳಿದಿದ್ದ ಮೇಣ ಹೋದರೂ, ಕಂಟದ (ಬರೆಯುವ ಲೋಹದ ಕಡ್ಡಿಯ) ಮೊನೆ ಮರಕ್ಕೆ ತಗುಲಿದಲ್ಲಿ ಗೀರುಗಳು ನಿಂತಿವೆ. ಸಿಕ್ಕ 405 ಹಲಗೆಗಳಲ್ಲಿ ಕ್ರಿ.ಶ. 57ರ ಜನವರಿ 8ರ ದಿನಾಂಕವುಳ್ಳ ಒಂದು ಸಾಲಪತ್ರವಿದೆ: ವೆನುಸ್ಟಸ್‌ನ ದಾಸ್ಯದಿಂದ ಬಿಡುಗಡೆ ಪಡೆದ ಟಿಬುಲ್ಲಸ್, ಸರಕಿನ ಬಾಬ್ತು 105 ಡಿನೇರಿಯಸ್ ನಾಣ್ಯಗಳನ್ನು ಗ್ರಾಟಸ್ ಎಂಬವನಿಗೆ ಕೊಡಬೇಕಿದೆ ಎಂದು ಅದರಲ್ಲಿ ಒಪ್ಪಿಕೊಂಡಿದ್ದಾನೆ. ರೋಮನ್ನರ ವಿರುದ್ಧ ಬ್ರಿಟನ್ನಿನ ಬೌಡಿಕಾ ರಾಣಿ ಎದ್ದ ದಂಗೆಯಲ್ಲಿ ಊರು ಸುಟ್ಟುಹೋಗುವುದಕ್ಕೆ ಕೆಲವೇ ವರ್ಷ ಮುಂಚಿನ ಲೆಕ್ಕವಿದು. ಆದ್ದರಿಂದ ಗುಡಿಗೆ ಇಳಿಯುವ ಮುನ್ನ, ಪ್ರವೇಶದ ಬಳಿ ಗೋಡೆಯುದ್ದಕ್ಕೂ ಜೋಡಿಸಿರುವ ವಸ್ತುಗಳ ಮುಂದೆ ನಿಧಾನವಾಗಿ ನಿಲ್ಲಿ.

ಅಲ್ಲಿಂದ ‘ಸಿಟಿ’ಯ ಹಳೆಯ ಆಡಳಿತ ಭವನವಾದ ಗಿಲ್ಡ್‌ಹಾಲ್ ಕಾಲ್ನಡಿಗೆಯ ದೂರದಲ್ಲಿದೆ. 1988ರಲ್ಲಿ ಪತ್ತೆಯಾದ, ಪ್ರೇಕ್ಷಕರ ಮುಂದೆ ಕಾಳಗಗಳು ನಡೆಯುತ್ತಿದ್ದ ರೋಮನ್ ಅಖಾಡದ ಅವಶೇಷಗಳು ಅಲ್ಲಿನ ಚಿತ್ರಶಾಲೆಯ (ಆರ್ಟ್ ಗ್ಯಾಲರಿಯ) ನೆಲಮಾಳಿಗೆಯಲ್ಲಿವೆ. ಪೂರ್ವದ್ವಾರದ ಗೋಡೆಗಳು ಮತ್ತು ಮರದ ಚರಂಡಿಯಷ್ಟೇ ಉಳಿದಿರುವುದರಿಂದ ರೋಮ್ ನಗರದ ಕೊಲೊಸಿಯಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಇಳಿಯಬೇಡಿ. ಮೊದಲು ಹೊರಗಿನ ಅಂಗಳದ ನೆಲಹಾಸಿನಲ್ಲಿರುವ ಕಪ್ಪು ಕಲ್ಲಿನ ಬಾಗುಗೆರೆಯನ್ನು ಹಿಡಿದು ನಡೆದರೆ ಅಖಾಡದ ಅಳತೆ ತಿಳಿಯುತ್ತದೆ, ಕೆಳಗಿನ ತುಣುಕುಗಳು ಆಗ ಅರ್ಥವಾಗುತ್ತವೆ. ಹಿಂದಿರುಗಲು ಬ್ಯಾಂಕ್ ನಿಲ್ದಾಣ ಅನುಕೂಲ. ಆದರೆ ಅಲ್ಲಿಂದ ವಾಟರ್ಲೂಗೆ ಹೋಗುವ ನೇರ ಮಾರ್ಗ ವಾರಾಂತ್ಯದಲ್ಲಿ ಓಡುವುದಿಲ್ಲ.